ಹನಿ ಬೀಳುವ ವಾಲ್ವ್‌ಗೆ ಎಂಸೀಲ್ ಮೆತ್ತಬೇಡಿ

ಗೀಜರ್ ಸೋರುತ್ತಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ, ಎಲ್ಲಿಂದ ಸೋರುತ್ತಿದೆ ಎಂದಲ್ಲ. ಯಾವಾಗ ಸೋರುತ್ತದೆ ಎಂದು. ಕಾಯುವಾಗ ಮಾತ್ರವೋ, ಸ್ವಿಚ್ ಆಫ್ ಇದ್ದಾಗಲೂ ಸೋರುತ್ತದೋ? ಈ ಒಂದು ಉತ್ತರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಗುತ್ತಿಗೆ ತಂಡದ ಫಿಟರ್ ಆಗಿ ಬಾಯ್ಲರ್ ದುರಸ್ತಿ ಮಾಡುತ್ತಿದ್ದ ನಾನು ಈಗ ಯಾಪಲದಿನ್ನಿಯಲ್ಲೂ ಸುತ್ತಲಿನ ಊರುಗಳಲ್ಲೂ ನಲ್ಲಿ, ಗೀಜರ್, ಸೋಲಾರ್ ಕೆಲಸ ಮಾಡುತ್ತೇನೆ. 1985ರಲ್ಲಿ ಮೊದಲ ಘಟಕ ಶುರುವಾದ ಆ ಸ್ಥಾವರದ 210 ಮೆಗಾವ್ಯಾಟ್ ಘಟಕಗಳಲ್ಲಿ ಉಗಿಯ ಒತ್ತಡ ಒಂದು ಚದರ ಸೆಂಟಿಮೀಟರಿಗೆ ನೂರೈವತ್ತು ಕಿಲೋ ಆಸುಪಾಸು. ಒಂದಂತಸ್ತಿನ ಮನೆಯ ನಲ್ಲಿಯಲ್ಲಿ ಇರುವುದು ಅದರ ಮುಂದೆ ಏನೂ ಅಲ್ಲ. ನೀರಿನ ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕಿಲೋ ಒತ್ತಡ. ಟ್ಯಾಂಕ್ ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಕಿಲೋ. ಆದರೆ ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಿದರೆ ಏನಾಗುತ್ತದೆ ಎಂಬ ಲೆಕ್ಕ ಎರಡೂ ಕಡೆ ಒಂದೇ. ನಮ್ಮ ಹಳೆಯ ಮನೆಗಳ ಬಚ್ಚಲಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಹಾಕಿ ಉರಿಸುತ್ತಿದ್ದ ತಾಮ್ರದ ಬಂಬಿಗೆ ಈ ಚಿಂತೆ ಇರಲಿಲ್ಲ. ಅದರ ಬಾಯಿ ತೆರೆದೇ ಇರುತ್ತಿತ್ತು. ನೀರಿಲ್ಲದೆ ಉರಿ ಹಾಕಿದರೆ ಬೆಸುಗೆ ಬಿಟ್ಟು ಸೋರುತ್ತಿತ್ತು, ಅಷ್ಟೇ. ಗೀಜರ್ ಬಾಯಿ ಮುಚ್ಚಿದ ಪಾತ್ರೆ.

ಹೊಸದಾಗಿ ಕಟ್ಟಿದ ಒಂದು ಮನೆಗೆ ಹೋದಾಗ ಕಂಡದ್ದನ್ನು ಹೇಳುತ್ತೇನೆ. ಗೀಜರ್‌ನ ತಣ್ಣೀರು ಒಳಹೋಗುವ ಕಡೆ ಹಿತ್ತಾಳೆಯ ಸೇಫ್ಟಿ ವಾಲ್ವ್. ಅದರ ಪಕ್ಕದ ಸಣ್ಣ ತೂತಿನೊಳಗೆ ಒಂದು ಸ್ಕ್ರೂ ತಿರುವಿ, ಅದರ ಮೇಲೆ ಬೆರಳಚ್ಚು ಕಾಣುವ ಹಾಗೆ ಎಂಸೀಲ್ ಮೆತ್ತಲಾಗಿತ್ತು.

“ಯಣ್ಣಾ, ಅಲ್ಲಿಂದ ಹನಿ ಬೀಳಾಕತ್ತಿತ್ತು. ಹೋದ ಸಲ ಬಂದಾವ ಬಂದ್ ಮಾಡಿ ಹೋಗ್ಯಾನ. ಈಗ ಮ್ಯಾಲಿನ ಪೈಪಿನ ಜಾಯಿಂಟ್ ಸೋರಾಕತ್ತೈತಿ,” ಎಂದರು ಮನೆಯವರು.

“ಅಕ್ಕಾರ, ಮೊದಲು ಎಂಸಿಬಿ ಇಳಸ್ರಿ. ಇದನ್ನ ಬಿಚ್ಚೂತನಕ ಯಾರೂ ನಲ್ಲಿ ಮುಟ್ಟಬ್ಯಾಡ್ರಿ,” ಎಂದೆ.

ಇಪ್ಪತ್ತೈದು ಲೀಟರ್ ನೀರನ್ನು 25 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ನಲ್ಲಿ ಮುಚ್ಚಿದೆ, ತಣ್ಣೀರಿನ ಕಡೆ ನೀರು ಹಿಂದಕ್ಕೆ ಹೋಗದಂತೆ ವಾಲ್ವ್‌ನೊಳಗೇ ತಡೆ ಇದೆ. ಆ ಅರ್ಧ ಲೀಟರ್ ಹೋಗಬೇಕಾದರೆ ಉಳಿದಿರುವ ದಾರಿ ಆ ತೂತೊಂದೇ. ಕಾಯುವಾಗ ಹನಿ ಬಿದ್ದರೆ ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಪಕ್ಕದ ಮನೆಯಲ್ಲಿ ಹನಿ ಬೀಳುವುದೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ತಡೆ ಸವೆದು, ಹಿಗ್ಗಿದ ನೀರು ಟ್ಯಾಂಕಿನ ಕಡೆಗೆ ಮರಳುತ್ತಿರಬಹುದು.

ತೂತು ಮುಚ್ಚಿದ ಮೇಲೆ ಒತ್ತಡ ಬಲ ಕಡಿಮೆ ಇರುವ ಜಾಗ ಹುಡುಕುತ್ತದೆ. ಆ ಮನೆಯಲ್ಲಿ ಜಾಯಿಂಟ್ ಸೋರಿದ್ದು ಒಳ್ಳೆಯದೇ ಆಯಿತು. ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡು, ಅತಿ ಬಿಸಿಯಾದಾಗ ಕರೆಂಟ್ ಕಡಿಯುವ ಕಟೌಟ್ ಕೂಡ ಕೆಲಸ ಮಾಡದೆ ಹೋದರೆ ಒತ್ತಡದಡಿಯ ನೀರು ನೂರು ಡಿಗ್ರಿ ದಾಟಿಯೂ ನೀರಾಗಿಯೇ ಉಳಿಯುತ್ತದೆ. ಪಾತ್ರೆ ಬಿರಿದ ಕ್ಷಣ ಅದರ ಒಂದು ಪಾಲು ಉಗಿಯಾಗುತ್ತದೆ. ಉಗಿಯಾದ ನೀರಿಗೆ ಬೇಕಾದ ಜಾಗ ಮೊದಲಿನ ಸಾವಿರದ ಆರುನೂರು ಪಟ್ಟಿನಷ್ಟು. ಕಾರ್ಖಾನೆಯ ಬಾಯ್ಲರ್‌ಗಳಿಗೆ 1923ರಿಂದ ಕಾಯ್ದೆ ಇದೆ, 2025ರಲ್ಲಿ ಹೊಸದೂ ಬಂದಿದೆ. ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಲು ಇನ್ಸ್‌ಪೆಕ್ಟರ್ ಬರುತ್ತಾರೆ. ಬಚ್ಚಲಿನ ಗೀಜರ್ ನೋಡಲು ಯಾರೂ ಬರುವುದಿಲ್ಲ. ಹಾಗಾಗಿಯೇ ಈ ವಾಲ್ವ್ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಆ ದಿನ ಹೊಸ ವಾಲ್ವ್ ಹಾಕಿ, ಅದರ ತೂತಿಗೆ ಸಣ್ಣ ನಳಿಗೆ ಸಿಕ್ಕಿಸಿ ಬಚ್ಚಲ ಮೋರಿಗೆ ಬಿಟ್ಟೆ.

ಸ್ವಿಚ್ ಆಫ್ ಇದ್ದು, ನೀರು ತಣ್ಣಗಿದ್ದಾಗಲೂ ವಾಲ್ವ್ ಹನಿಸಿದರೆ ಕಥೆ ಬೇರೆ. ನಮ್ಮ ಬೋರ್ ನೀರು ಗಡಸು. ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣ ಬಿಳಿ ಹಕ್ಕಳೆಯಾಗಿ ಕೂರುತ್ತದೆ. ಒಂದು ಚೂರು ವಾಲ್ವ್‌ನ ಸೀಟಿನ ಮೇಲೆ ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಲಿವರ್ ಇರುವ ವಾಲ್ವ್ ಆದರೆ, ನೀರು ತಣ್ಣಗಿರುವಾಗ ಎತ್ತಿ ಬಿಟ್ಟರೆ ಚೂರು ಕೊಚ್ಚಿಹೋಗುವುದುಂಟು. ಹೋಗದಿದ್ದರೆ ವಾಲ್ವ್ ಬದಲಿಸಬೇಕು. ಶಾಖೋತ್ಪನ್ನ ಕೇಂದ್ರದಲ್ಲಿ ಕೃಷ್ಣೆಯ ನೀರನ್ನು ಹಾಗೆಯೇ ಬಾಯ್ಲರ್‌ಗೆ ಬಿಡುವುದಿಲ್ಲ. ಲವಣವೆಲ್ಲ ತೆಗೆದ ಡಿಎಂ ನೀರೇ ಆಗಬೇಕು. ನಾವು ಮನೆಯಲ್ಲಿ ಬೋರ್ ನೀರನ್ನು ನೇರವಾಗಿ ಬಿಡುತ್ತೇವೆ, ಹೀಗಾಗಿ ಆಗಾಗ ಬಿಚ್ಚಿ ತೊಳೆಯುವುದು ಬಿಟ್ಟರೆ ಗತಿಯಿಲ್ಲ. ಎಲಿಮೆಂಟನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿದರೆ ಹಕ್ಕಳೆ ಬಿಡುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತದೆ.

ಇನ್ನು ಒತ್ತಡ ಸಾಲದು ಎಂಬ ದೂರು. ತಣ್ಣೀರು ಜೋರಾಗಿ ಬಂದು ಬಿಸಿನೀರು ಮಾತ್ರ ಸಣ್ಣಗೆ ಬಂದರೆ ಟ್ಯಾಂಕಿನ ತಪ್ಪಲ್ಲ. ವಾಲ್ವ್‌ನ ಜಾಲರಿಯಲ್ಲೋ ಬಿಸಿನೀರಿನ ಪೈಪಿನಲ್ಲೋ ಇದೇ ಸುಣ್ಣ ಕಟ್ಟಿರುತ್ತದೆ. ಎರಡೂ ಸಣ್ಣಗಿದ್ದರೆ ಟ್ಯಾಂಕ್ ಎತ್ತರಿಸಬೇಕು. ಈಗ ಬಹಳ ಮಂದಿ ಪ್ರೆಶರ್ ಪಂಪ್ ಹಾಕಿಸುತ್ತಾರೆ. 0.3 ಕಿಲೋಗೆ ತಡೆದುಕೊಂಡಿದ್ದ ಜಾಯಿಂಟುಗಳು ಎರಡು ಕಿಲೋಗೆ ಬೆವರತೊಡಗುತ್ತವೆ. ಅಲ್ಲೊಂದು ಅನುಕೂಲವೂ ಇದೆ: ಒತ್ತಡ ಇಳಿದಾಗ ಚಾಲೂ ಆಗುವ ಪಂಪ್, ರಾತ್ರಿ ನಲ್ಲಿಗಳೆಲ್ಲ ಮುಚ್ಚಿದ್ದಾಗಲೂ ಆಗಾಗ ತಾನೇ ಶುರುವಾಗಿ ನಿಂತರೆ ಎಲ್ಲೋ ನೀರು ಹೋಗುತ್ತಿದೆ. ಗೀಜರ್‌ಗೆ ಹೋಗುವ ಸಾಲಿನ ವಾಲ್ವ್ (ಸೇಫ್ಟಿ ವಾಲ್ವ್ ಅಲ್ಲ) ಮುಚ್ಚಿ ನೋಡಿ. ಸದ್ದು ನಿಂತರೆ ಸೋರಿಕೆ ಇರುವುದು ಗೀಜರ್ ಕಡೆ. ನಿಲ್ಲದಿದ್ದರೆ ತಣ್ಣೀರಿನ ಸಾಲಿನಲ್ಲಿ. ಗೋಡೆ ಒಡೆಯುವ ಮೊದಲು ಈ ಪರೀಕ್ಷೆ ಮಾಡಿ.

ಮುಚ್ಚಿದ ಪಾತ್ರೆಯ ಲೆಕ್ಕ ಸೋಲಾರ್‌ಗೂ ಅನ್ವಯಿಸುತ್ತದೆ: ಅದು ಇದ್ದವರು ಟ್ಯಾಂಕಿನ ಮೇಲೆ ನೆಟ್ಟಗೆ ನಿಂತಿರುವ ಏರ್ ವೆಂಟ್ ಪೈಪನ್ನು ಮುಚ್ಚಬಾರದು, ಇಲಿ ಅಳಿಲಿನ ಭಯವಿದ್ದರೆ ಜಾಲರಿ ಕಟ್ಟಿ.

ಗೀಜರ್‌ನ ಹೊರಕವಚದ ಅಡಿಯಿಂದಲೇ ನೀರು ಇಳಿದರೆ ಮೊದಲು ಎಲಿಮೆಂಟಿನ ಗ್ಯಾಸ್ಕೆಟ್ ನೋಡಿ. ಅದು ಕಡಿಮೆ ಖರ್ಚಿನದು. ಬಿಸಿನೀರಿನಲ್ಲಿ ತುಕ್ಕಿನ ಬಣ್ಣವೂ ಬರುತ್ತಿದ್ದರೆ ಬಹುಮಟ್ಟಿಗೆ ಒಳಗಿನ ಟ್ಯಾಂಕೇ ತೂತಾಗಿರುತ್ತದೆ, ದುರಸ್ತಿಗೆ ದುಡ್ಡು ಹಾಕಬೇಡಿ. ಒಳಗೊಂದು ಮೆಗ್ನೀಸಿಯಂ ಆ್ಯನೋಡ್ ರಾಡ್ ಇರುತ್ತದೆ; ಟ್ಯಾಂಕಿನ ಉಕ್ಕಿಗಿಂತ ಮೊದಲು ತಾನು ಸವೆಯಲೆಂದೇ ಅದನ್ನು ಹಾಕಿರುತ್ತಾರೆ. ಅದು ಬರೀ ತಂತಿಯಾಗಿ ಉಳಿಯುವ ಮೊದಲೇ ಬದಲಿಸಿದರೆ ಟ್ಯಾಂಕ್ ಬಾಳುತ್ತದೆ. ಹೊಸ ಗೀಜರ್ ಕೂರಿಸುವಾಗ ಆ ರಾಡ್ ಹೊರಗೆಳೆಯಲು ಕೆಳಗೆ ಜಾಗ ಬಿಡಿಸಿಕೊಳ್ಳಿ, ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ, ಕೂರಿಸಿದ ತಿಂಗಳು-ವರ್ಷವನ್ನು ಮಾರ್ಕರ್‌ನಿಂದ ಕವಚದ ಮೇಲೆಯೇ ಬರೆಸಿ.