ಸಹಿ ರಾಷ್ಟ್ರಪತಿಯವರದು, ತೀರ್ಮಾನ ಯಾರದು?



ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಸಂವಿಧಾನದ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. "ಸಾರ್, ಇಂಥವರನ್ನು ರಾಷ್ಟ್ರಪತಿಗಳು ರಾಯಭಾರಿಯಾಗಿ ನೇಮಿಸಿದ್ದಾರೆ, ಇಂಥವರನ್ನು ಆಯೋಗದ ಅಧ್ಯಕ್ಷರಾಗಿ ನೇಮಿಸಿದ್ದಾರೆ ಅಂತ ವಾರ್ತೆಯಲ್ಲಿ ಹೇಳ್ತಾರಲ್ಲ, ರಾಷ್ಟ್ರಪತಿಯವರಿಗೆ ಅಷ್ಟು ಜನರ ಪರಿಚಯ ಉಂಟಾ?" ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಯಾಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಶುರು ಮಾಡುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಒಬ್ಬೊಬ್ಬರಾಗಿ ಓದಿ, ನೂಕಾಟ ಬೇಡ.

ನಮ್ಮ ಕಡೆಯ ದೇವಸ್ಥಾನಗಳ ಜಾತ್ರೆಯ ಆಮಂತ್ರಣ ಪತ್ರಿಕೆಯನ್ನು ನೋಡಿದ್ದೀರಿ. ಕೆಳಗೆ ಆಡಳಿತ ಮೊಕ್ತೇಸರರ ಹೆಸರು ಇರುತ್ತದೆ. ಹಾಗೆಂದು ಜಾತ್ರೆಯ ಪ್ರತಿಯೊಂದು ವಿಷಯವನ್ನು ಅವರೊಬ್ಬರೇ ಕೂತು ನಿಶ್ಚಯಿಸಿದ್ದಲ್ಲ, ಹತ್ತು ಸಮಸ್ತರು ಸಭೆ ಸೇರಿ ಮಾಡಿದ್ದು. ದೇಶದ ಆಡಳಿತವೂ ಹೆಚ್ಚು ಕಡಿಮೆ ಹಾಗೆಯೇ. ಸಂವಿಧಾನದ 77ನೇ ವಿಧಿಯ ಪ್ರಕಾರ ಕೇಂದ್ರ ಸರಕಾರದ ಎಲ್ಲಾ ಆಡಳಿತ ಕಾರ್ಯಗಳೂ ರಾಷ್ಟ್ರಪತಿಯವರ ಹೆಸರಿನಲ್ಲಿ ನಡೆಯುತ್ತವೆ. ಆದರೆ 74ನೇ ವಿಧಿಯ ಪ್ರಕಾರ ಅವರಿಗೆ ಸಲಹೆ ಕೊಡಲು ಪ್ರಧಾನ ಮಂತ್ರಿ ಮತ್ತು ಮಂತ್ರಿಮಂಡಲ ಇದೆ.

ಈ "ಸಲಹೆ" ಎಂಬ ಶಬ್ದದಲ್ಲೇ ತೊಡಕು ಇದ್ದದ್ದು. ಸಲಹೆ ಅಂದರೆ ಕೇಳಲೂಬಹುದು, ಬಿಡಲೂಬಹುದು ಅಲ್ವಾ? ಮೊದಲ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರೇ 1960ರಲ್ಲಿ ದೆಹಲಿಯ ಒಂದು ಸಮಾರಂಭದಲ್ಲಿ ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದ್ದರು. 1976ರ 42ನೇ ತಿದ್ದುಪಡಿಯಲ್ಲಿ, ಸಲಹೆಯ ಪ್ರಕಾರವೇ ನಡೆಯತಕ್ಕದ್ದು ಎಂದು ಸ್ಪಷ್ಟವಾಗಿ ಬರೆದರು. 1978ರ 44ನೇ ತಿದ್ದುಪಡಿಯಲ್ಲಿ ಸ್ವಲ್ಪ ಸಡಿಲಿಸಿ, ಒಂದು ಸಲ ಮಾತ್ರ "ಇನ್ನೊಮ್ಮೆ ಯೋಚಿಸಿ" ಎಂದು ಕಡತವನ್ನು ವಾಪಸು ಕಳಿಸಬಹುದು ಎಂದು ಮಾಡಿದರು. ಎರಡನೇ ಸಲ ಅದೇ ಸಲಹೆ ಬಂದರೆ ಸಹಿ ಹಾಕಲೇಬೇಕು.

ಇಲ್ಲಿ ನಮ್ಮ ಜಿಲ್ಲೆಯವರೊಬ್ಬರನ್ನು ನೆನೆಯಬೇಕು. ಬೆನಗಲ್ ನರಸಿಂಗ ರಾಯರು 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಆಗ ಉಡುಪಿ, ಮಂಗಳೂರು, ಕಾಸರಗೋಡು ಎಲ್ಲವೂ ಒಂದೇ ಜಿಲ್ಲೆ, ಅದಕ್ಕೇ "ನಮ್ಮ ಜಿಲ್ಲೆಯವರು" ಎಂದು ಧೈರ್ಯವಾಗಿ ಬರೆದೆ. ಸಂವಿಧಾನ ಸಭೆಯ ಸಲಹೆಗಾರರು ಅವರು. ಮೊದಲ ಕರಡನ್ನು ತಯಾರಿಸಿದ್ದು ಅವರೇ. ಅವರ ಆರಂಭದ ಟಿಪ್ಪಣಿಗಳಲ್ಲಿ ಕೆಲವು ವಿಷಯಗಳಲ್ಲಿ ರಾಷ್ಟ್ರಪತಿ ಸ್ವಂತ ವಿವೇಚನೆಯಿಂದ ನಡೆಯಬಹುದು ಎಂಬ ಸೂಚನೆ ಇತ್ತು. ಅದನ್ನು ಸಭೆ ಒಪ್ಪಲಿಲ್ಲ. 1949ರಿಂದ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆಯ ಸರದಿ ಭಾರತಕ್ಕೆ ಬಂತು. ಅದೇ ತಿಂಗಳ 25ರಂದು ಕೊರಿಯಾ ಯುದ್ಧ ಶುರುವಾಯಿತು. ಇಡೀ ಲೋಕ ನೋಡುತ್ತಿದ್ದ ಆ ಕುರ್ಚಿಯಲ್ಲಿ ಕೂತಿದ್ದವರು ಮಂಗಳೂರಿನ ಕೆನರಾ ಹೈಸ್ಕೂಲಿನ ಹಳೆ ವಿದ್ಯಾರ್ಥಿ! ಅವರ ತಮ್ಮ ಬೆನಗಲ್ ರಾಮರಾಯರು ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಭಾರತವನ್ನು ಪ್ರತಿನಿಧಿಸಿ, 1949ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಒಂದು ವಿಷಯ ಮರೆಯಬಾರದು. 1950ರ ಜನವರಿ 26ರ ಮೊದಲು ನಮ್ಮಲ್ಲಿ ರಾಷ್ಟ್ರಪತಿ ಎಂಬ ಹುದ್ದೆಯೇ ಇರಲಿಲ್ಲ.

ರಾಯಭಾರಿಯ ನೇಮಕ ಹೇಗಾಗುತ್ತದೆ? ಹೆಚ್ಚಿನವರು ವಿದೇಶ ಸೇವೆಯ ಪರೀಕ್ಷೆ ಪಾಸು ಮಾಡಿ, ವರ್ಷಗಟ್ಟಲೆ ಕೆಲಸ ಮಾಡಿ ಮೇಲೆ ಬಂದವರು. ಹೊರಗಿನ ಗಣ್ಯರನ್ನು ಕಳಿಸುವುದೂ ಉಂಟು. ಹೆಸರನ್ನು ಸರಕಾರ ನಿಶ್ಚಯಿಸುತ್ತದೆ. ಆಮೇಲೆ ಹೋಗಬೇಕಾದ ದೇಶವನ್ನು ಗುಟ್ಟಾಗಿ ಕೇಳುತ್ತಾರೆ, "ಇವರನ್ನು ಕಳಿಸಿದರೆ ನಿಮಗೆ ಒಪ್ಪಿಗೆಯಾ?" ಅಂತ. ಹೆಣ್ಣು ನೋಡಲು ಹೋಗುವ ಮೊದಲು ನಡುವೆ ಒಬ್ಬರನ್ನು ಕಳಿಸಿ ವಿಚಾರಿಸುತ್ತಾರಲ್ಲ, ಹಾಗೆ. ಬೇಡ ಅನ್ನಲು ಆ ದೇಶ ಕಾರಣ ಕೊಡಬೇಕಾಗಿಲ್ಲ. ಒಪ್ಪಿದರೆ ನಮ್ಮ ರಾಷ್ಟ್ರಪತಿ ಸಹಿ ಮಾಡಿದ ಅಧಿಕಾರ ಪತ್ರವನ್ನು ರಾಯಭಾರಿ ಕೊಂಡುಹೋಗಿ ಆ ದೇಶದ ಮುಖ್ಯಸ್ಥರ ಕೈಗೆ ಕೊಡುತ್ತಾರೆ. ಬ್ರಿಟನ್, ಶ್ರೀಲಂಕಾದಂಥ ಕಾಮನ್‌ವೆಲ್ತ್ ದೇಶಗಳಿಗೆ ಹೋಗುವವರನ್ನು ರಾಯಭಾರಿ ಎನ್ನುವುದಿಲ್ಲ, ಹೈಕಮಿಷನರ್ ಎನ್ನುತ್ತಾರೆ. ಕೆಲಸ ಒಂದೇ.

ಈ ಯಾವ ನೇಮಕಕ್ಕೂ ನಮ್ಮ ಲೋಕಸಭೆಯಲ್ಲಿ ಮತ ಹಾಕುವ ಪದ್ಧತಿ ಇಲ್ಲ. ಅಮೆರಿಕದಲ್ಲಿ ಇದೆ. ಅಲ್ಲಿ ಅಧ್ಯಕ್ಷರು ಹೆಸರು ಸೂಚಿಸಬಹುದು ಅಷ್ಟೇ, ಸೆನೆಟ್ ಎಂಬ ಸಭೆ ಒಪ್ಪಬೇಕು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿಯವರ ಕಥೆ ನೋಡಿ. ಅಲ್ಲಿನ ಸರ್ಜನ್ ಜನರಲ್ ಹುದ್ದೆಗೆ, ಅಂದರೆ ದೇಶಕ್ಕೆಲ್ಲ ಆರೋಗ್ಯದ ತಿಳಿವಳಿಕೆ ಹೇಳುವ ವೈದ್ಯರ ಹುದ್ದೆಗೆ, ಅಧ್ಯಕ್ಷ ಒಬಾಮಾ ಅವರ ಹೆಸರನ್ನು 2013ರ ನವೆಂಬರಿನಲ್ಲಿ ಸೂಚಿಸಿದರು. ಬಂದೂಕಿನ ಹಾವಳಿಯೂ ಆರೋಗ್ಯದ ಸಮಸ್ಯೆಯೇ ಎಂದು ಮೂರ್ತಿಯವರು ಮೊದಲೊಮ್ಮೆ ಹೇಳಿದ್ದರು. ಬಂದೂಕು ಇಟ್ಟುಕೊಳ್ಳುವವರ ಸಂಘ ವಿರೋಧಿಸಿತು. ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ಹೆಸರು ಹಾಗೇ ನೇತಾಡಿತು. ಕೊನೆಗೆ 2014ರ ಡಿಸೆಂಬರಿನಲ್ಲಿ 51 ಮತ ಪರ, 43 ಮತ ವಿರೋಧ ಬಂದು ನೇಮಕವಾಯಿತು. 2021ರಲ್ಲಿ ಇನ್ನೊಂದು ಸಲ ಅದೇ ಹುದ್ದೆಗೆ 57-43ರಲ್ಲಿ ಗೆದ್ದರು. ಯಾವ ಪದ್ಧತಿ ಒಳ್ಳೆಯದು? ನನ್ನನ್ನು ಕೇಳಿದರೆ, ಎಲ್ಲರೆದುರು ಪ್ರಶ್ನೆ ಕೇಳುವುದು ಒಳ್ಳೆಯದೇ. ಆದರೆ ಹೇಳಿದ ಒಂದು ಮಾತಿಗಾಗಿ ವೈದ್ಯರೊಬ್ಬರನ್ನು ವರ್ಷವಿಡೀ ಬಾಗಿಲಲ್ಲಿ ನಿಲ್ಲಿಸುವುದು ಅತಿಯಾಯಿತು.

ನಮ್ಮಲ್ಲಿ ನೇಮಕದ ಬಗ್ಗೆ ಗಲಾಟೆ ಆಗಿಲ್ಲ ಎಂದಲ್ಲ. 1973ರ ಎಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರ ನೇಮಕ ಮಾಡುವಾಗ ಹಿರಿಯರಾದ ಮೂವರನ್ನು ಬಿಟ್ಟು ಎ.ಎನ್. ರೇ ಅವರ ಹೆಸರಿಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಬಿಟ್ಟುಹೋದ ಮೂವರಲ್ಲಿ ಒಬ್ಬರು ನಮ್ಮ ಕಾರ್ಕಳ ತಾಲೂಕು ಕೌಡೂರಿನ ಕೆ.ಎಸ್. ಹೆಗ್ಡೆಯವರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಇದು ಕೋರ್ಟಿನ ವಿಷಯ, ನಮ್ಮ ಪಾಠದಿಂದ ಸ್ವಲ್ಪ ಆಚೆಗೆ ಹೋಯಿತು, ಆದರೂ ಹತ್ತಿರದ ಊರಿನವರೆಂದು ಬರೆದೆ.

ಇನ್ನು ಆಯೋಗ. ಕೆಲವು ಆಯೋಗಗಳು ಸಂವಿಧಾನದಲ್ಲೇ ಇವೆ. ಉದಾಹರಣೆಗೆ 280ನೇ ವಿಧಿಯ ಹಣಕಾಸು ಆಯೋಗ, ಇದನ್ನು ಐದು ವರ್ಷಕ್ಕೊಮ್ಮೆ ರಾಷ್ಟ್ರಪತಿ ರಚಿಸುತ್ತಾರೆ. ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು. ಐದು ಜನ ಏನು ಮಾಡಿಯಾರು ಅನ್ನಬೇಡಿ. ರಾಜ್ಯಗಳಿಗೆ ಹಂಚುವ ಕೇಂದ್ರದ ತೆರಿಗೆಯ ಪ್ರತಿ ನೂರು ರೂಪಾಯಿಯಲ್ಲಿ 14ನೇ ಆಯೋಗ ಕರ್ನಾಟಕಕ್ಕೆ 4 ರೂಪಾಯಿ 71 ಪೈಸೆ ಕೊಟ್ಟಿತ್ತು. 15ನೇ ಆಯೋಗ 2021ರಿಂದ 2026ರ ಅವಧಿಗೆ ಅದನ್ನು ಸುಮಾರು 3 ರೂಪಾಯಿ 65 ಪೈಸೆಗೆ ಇಳಿಸಿತು. ಶಾಲೆಯ ಕೋಣೆ, ರಸ್ತೆ, ಆಸ್ಪತ್ರೆ ಎಲ್ಲದಕ್ಕೂ ಬರುವ ಹಣದಲ್ಲಿ ಇದೂ ಸೇರಿದೆ.

ಬೇರೆ ಕೆಲವು ಆಯೋಗಗಳು ಸರಕಾರದ ಆದೇಶದಿಂದ ಹುಟ್ಟಿ, ವರದಿ ಕೊಟ್ಟು ಮುಗಿಯುತ್ತವೆ. ಕಾರ್ಕಳದ ಶಾಸಕರಾಗಿ, ಮುಖ್ಯಮಂತ್ರಿಯಾಗಿ ಕೆಲಸ ಮಾಡಿದ ವೀರಪ್ಪ ಮೊಯಿಲಿಯವರು 2005ರಲ್ಲಿ ಎರಡನೇ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. ಅದರ ಮೊದಲ ವರದಿ ಮಾಹಿತಿ ಹಕ್ಕಿನ ಬಗ್ಗೆ. ಒಟ್ಟು 15 ವರದಿ ಬಂದವು. ಮೊದಲ ಆಡಳಿತ ಸುಧಾರಣಾ ಆಯೋಗ ಲೋಕಪಾಲ ಬೇಕು ಎಂದು ಹೇಳಿದ್ದು 1966ರಲ್ಲಿ. ಲೋಕಪಾಲ ಕಾನೂನು ಆದದ್ದು 2013ರಲ್ಲಿ. ಲೆಕ್ಕ ಮಾಡಿ ನೋಡಿ.

ನಮಗೆ ಎಲ್ಲಕ್ಕಿಂತ ಹತ್ತಿರ ತಟ್ಟಿದ ಆಯೋಗ ಮಾತ್ರ ಬೇರೆಯೇ. 1953ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಮೂರೇ ಜನ: ಒಡಿಶಾದ ರಾಜ್ಯಪಾಲರಾಗಿದ್ದ ಫಜಲ್ ಅಲಿ, ರಾಜ್ಯಸಭಾ ಸದಸ್ಯ ಹೃದಯನಾಥ ಕುಂಜ್ರು, ಮತ್ತು ಈಜಿಪ್ಟಿನಲ್ಲಿ ನಮ್ಮ ರಾಯಭಾರಿಯಾಗಿದ್ದ ಕೆ.ಎಂ. ಪಣಿಕ್ಕರ್. ರಾಯಭಾರಿಯನ್ನು ಕರೆಸಿ ಆಯೋಗದಲ್ಲಿ ಕೂರಿಸಿದ್ದು! ಪಣಿಕ್ಕರರು ಅದಕ್ಕೆ ಮೊದಲು ಚೀನಾದಲ್ಲಿದ್ದವರು, ದೊಡ್ಡ ಇತಿಹಾಸಕಾರರು.

1955ರ ಸೆಪ್ಟೆಂಬರ್ 30ರಂದು ವರದಿ ಬಂತು. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಕನ್ನಡ ರಾಜ್ಯಕ್ಕೆ, ಆದರೆ ಅದರ ಕಾಸರಗೋಡು ತಾಲೂಕು ಕೇರಳಕ್ಕೆ. ತಾಲೂಕಿನಲ್ಲಿ ಮಲಯಾಳ ಮಾತಾಡುವವರೇ ಹೆಚ್ಚು ಎಂಬ ಜನಗಣತಿಯ ಲೆಕ್ಕವನ್ನು ಆಯೋಗ ಹಿಡಿಯಿತು. ಚಂದ್ರಗಿರಿ ಹೊಳೆಯ ಉತ್ತರದ ಊರುಗಳನ್ನು ಬೇರೆಯಾಗಿ ನೋಡಿ ಎಂಬುದು ಕನ್ನಡಿಗರ ವಾದ. ಪಣಿಕ್ಕರರು ಮಲಯಾಳಿಗಳು, ಅದಕ್ಕೇ ಹೀಗಾಯಿತು ಎಂಬ ಮಾತು ಗಡಿನಾಡಿನಲ್ಲಿ ಈಗಲೂ ಕೇಳುತ್ತದೆ. ವರದಿಗೆ ಸಹಿ ಮೂವರದ್ದೂ ಇದೆ, ಆದ್ದರಿಂದ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಬಿಹಾರದ ಗಡಿ ವಿಷಯ ಬಂದಾಗ ಅಧ್ಯಕ್ಷ ಫಜಲ್ ಅಲಿಯವರು, ನನಗೆ ಆ ರಾಜ್ಯದ ಸಂಬಂಧ ಬಹಳ ಹಿಂದಿನದು ಎಂದು ತಾವಾಗಿ ದೂರ ನಿಂತಿದ್ದರು. ಯಾರನ್ನು ನೇಮಿಸುತ್ತಾರೆ ಎಂಬುದು ಯಾಕೆ ಮುಖ್ಯ ಎಂದು ಕೇಳಿದವರಿಗೆ ನಾನು ಈ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

1956ರ ನವೆಂಬರ್ 1ರಂದು ಗಡಿ ಬಿತ್ತು. 1966ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್ ಚಂದ್ ಮಹಾಜನರ ಆಯೋಗ ಬಂತು. ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಅದು ಹೇಳಿತು. ವರದಿ ಜಾರಿಯಾಗಲಿಲ್ಲ. ಇಂಥ ಆಯೋಗ ಸಲಹೆ ಮಾತ್ರ ಕೊಡಬಲ್ಲದು, ಜಾರಿ ಮಾಡಬೇಕಾದ್ದು ಸರಕಾರ ಮತ್ತು ಸಂಸತ್ತು. ನಿಮ್ಮಲ್ಲಿ ಎಷ್ಟೋ ಜನರಿಗೆ ಮಂಜೇಶ್ವರ, ಕುಂಬಳೆಯಲ್ಲಿ ಅಜ್ಜಿಮನೆ ಉಂಟು. ಅಲ್ಲಿಯ ಬಸ್ಸಿನ ಬೋರ್ಡು ಮಲಯಾಳದಲ್ಲಿರುವುದು ಯಾಕೆಂದು ಇನ್ನು ನೀವೇ ಹೇಳಬಹುದು.

ಮನೆಯಲ್ಲಿ 1956ಕ್ಕಿಂತ ಹಿಂದಿನ ಶಾಲಾ ಸರ್ಟಿಫಿಕೇಟ್ ಅಥವಾ ಜಾಗದ ಕಾಗದ ಇದ್ದರೆ ಅದರಲ್ಲಿ ಯಾವ ರಾಜ್ಯದ ಹೆಸರಿದೆ ನೋಡಿ ಬನ್ನಿ. ಮೂಲ ಕಾಗದ ತರಬೇಡಿ, ಹೆಸರು ಬರೆದುಕೊಂಡು ಬಂದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಹಾಕೋಣ.