ನಿಮ್ಮ ಅಂಬಾಸಿಡರ್ ಮಾಡೆಲ್ಲೋ, ಆಟಿಕೆಯೋ?

ಪಾವಗಡದ ಶನಿಮಹಾತ್ಮ ದೇವಸ್ಥಾನದ ಹತ್ತಿರ ಮೊಮ್ಮಗನಿಗೆ ಕೊಡಿಸಿದ ಪ್ಲಾಸ್ಟಿಕ್ ಅಂಬಾಸಿಡರ್ ಒಂದು. ಬೆಂಗಳೂರಿನಿಂದ ನಾನು ತಂದ ಲೋಹದ್ದು ಇನ್ನೊಂದು. ಎರಡೂ ಬಿಳಿ, ಎರಡಕ್ಕೂ ಅದೇ ಗುಂಡು ಬೆನ್ನು. ಅಸಲಿ ಕಾರಿಗೆ ಹತ್ತಿರ ಯಾವುದು? ನೀವೂ ಅಳೆದು ನೋಡಬಹುದು.

ಬೇಕಾದ್ದು: ಶಾಲೆಯ ಸ್ಕೇಲು, ಎರಡು ಬೆಂಕಿಪೊಟ್ಟಣ, ಮೊಬೈಲಿನ ಕ್ಯಾಲ್ಕುಲೇಟರ್, ಒಂದು ಅಯಸ್ಕಾಂತ.

ಹಂತ 1: ಅಸಲಿ ಅಳತೆ ಬರೆದುಕೊಳ್ಳಿ
ಅಂಬಾಸಿಡರಿನ ಉದ್ದ 4,325 ಮಿ.ಮೀ., ಅಗಲ 1,662, ಎತ್ತರ 1,593. ಮಾರಿಸ್ ಆಕ್ಸ್‌ಫರ್ಡ್ ಎಂಬ ಬ್ರಿಟಿಷ್ ಕಾರಿನ ಮೈಕಟ್ಟು ಇದು. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಗ್ರಿಲ್, ಬಂಪರ್ ಬದಲಾದವೇ ಹೊರತು ಆಕಾರ ಹೆಚ್ಚೇನೂ ಬದಲಾಗಲಿಲ್ಲ.

ಹಂತ 2: ಕೈಲಿರುವುದನ್ನು ಅಳೆಯಿರಿ
ಬಂಪರ್ ದುಂಡಗಿರುವುದರಿಂದ ಸ್ಕೇಲು ಜಾರುತ್ತದೆ. ಕಾರಿನ ಮುಂದೊಂದು, ಹಿಂದೊಂದು ಬೆಂಕಿಪೊಟ್ಟಣ ತಾಗಿಸಿ ನಿಲ್ಲಿಸಿ. ಕಾರು ತೆಗೆದು ನಡುವಿನ ಅಂತರ ಅಳೆಯಿರಿ. ಸ್ಕೇಲಿನ ತುದಿಯಿಂದಲ್ಲ, ಸೊನ್ನೆ ಗೆರೆಯಿಂದ. ಅಗಲಕ್ಕೆ ಪಕ್ಕದ ಕನ್ನಡಿ ಸೇರಿಸಬೇಡಿ.

ಹಂತ 3: ಭಾಗಿಸಿ
ಅಸಲಿ ಅಳತೆಯನ್ನು ಚಿಕ್ಕದರ ಅಳತೆಯಿಂದ ಭಾಗಿಸಿ. ನನ್ನ ಲೋಹದ ಕಾರು 101, 39, 37 ಮಿ.ಮೀ. ಬಂದ ಉತ್ತರ 42.8, 42.6, 43.1. ಪ್ಲಾಸ್ಟಿಕ್ಕಿನದು 118, 50, 50; ಉತ್ತರ 36.7, 33.2, 31.9.

ಹಂತ 4: ಉತ್ತರ ಓದಿ
ಮೂರೂ ಸಂಖ್ಯೆ ಒಂದರ ಹತ್ತಿರ ಒಂದಿದ್ದರೆ ಅದು ಅಳತೆಯ ಮಾಡೆಲ್. ಲೋಹದ್ದು 1:43; ಅಂದರೆ ಅಂಥ 43 ಕಾರನ್ನು ಸಾಲಾಗಿ ನಿಲ್ಲಿಸಿದರೆ ಒಂದು ಅಸಲಿ ಕಾರಿನಷ್ಟು ಉದ್ದ. ಸಂಖ್ಯೆಗಳು ಚೆದುರಿದರೆ ಆಟಿಕೆ. ನಮ್ಮ ಪ್ಲಾಸ್ಟಿಕ್ ಕಾರು ತನ್ನ ಉದ್ದಕ್ಕೆ ತಕ್ಕಂತೆ 43 ಮಿ.ಮೀ. ಎತ್ತರ ಇರಬೇಕಿತ್ತು, ಏಳು ಮಿ.ಮೀ. ಹೆಚ್ಚಿದೆ.

ಹಂತ 5: ಮಗುಚಿ ನೋಡಿ
ಆ ಏಳು ಮಿ.ಮೀ. ಕೈತಪ್ಪಿ ಬಂದದ್ದಲ್ಲ. ಹಿಂದಕ್ಕೆಳೆದು ಬಿಟ್ಟರೆ ಓಡಬೇಕಾದರೆ ಸ್ಪ್ರಿಂಗು, ಹಲ್ಲುಚಕ್ರಗಳ ಡಬ್ಬಿಗೆ ಹೊಟ್ಟೆಯಲ್ಲಿ ಜಾಗ ಬೇಕು. ನೆಲದ ಕಲ್ಲು ಮಣ್ಣು ದಾಟಲು ದಪ್ಪ ಚಕ್ರ ಬೇಕು. ಮಾಡೆಲ್ ಮಾಡುವವನು ಅಸಲಿ ಕಾರು ನೋಡುತ್ತಾನೆ, ಆಟಿಕೆ ಮಾಡುವವನು ಮಗುವಿನ ಕೈ ನೋಡುತ್ತಾನೆ. ಚನ್ನಪಟ್ಟಣದ ಮರದ ಕಾರಿಗಂತೂ ಈ ಲೆಕ್ಕವನ್ನೇ ಹಾಕಬೇಡಿ.

ಹಂತ 6: ಅಯಸ್ಕಾಂತ ತಾಗಿಸಿ
ಎರಕದ ಮಾಡೆಲ್‌ಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದವು. ಮೈಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟಲಿಲ್ಲ ಎಂದು ಲೋಹವಲ್ಲ ಅನ್ನಬೇಡಿ. ಹಳೇ ತಗಡಿನ ಆಟಿಕೆಯಾದರೆ ಅಂಟುತ್ತದೆ.

ಹಂತ 7: ಅವರವರ ಜಾಗಕ್ಕೆ ಸೇರಿಸಿ
ಮಾಡೆಲ್ ಗಾಜಿನ ಕಪಾಟಿಗೆ. ನಮ್ಮ ಕಡೆಯ ಧೂಳನ್ನು ಬಟ್ಟೆಯಿಂದ ಉಜ್ಜದೆ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಪ್ಲಾಸ್ಟಿಕ್ಕಿನದನ್ನು ಬೇಗ ವಾಪಸು ಕೊಡಿ. ಅಳೆಯಲು ಶುರುಮಾಡಿದಾಗಿನಿಂದ ನಮ್ಮ ಮೊಮ್ಮಗ ಕೈ ಚಾಚಿಕೊಂಡೇ ಕೂತಿದ್ದಾನೆ.