ಕಡತಗಳ ಮರುನಾಮಕರಣದಲ್ಲಿ ಆಯ್ಕೆಯ ಸ್ಥಾನ

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಲಾಯಿತು. ‘ಟುಮ್ಕೂರ್’ ಹೋಗಿ ‘ತುಮಕೂರು’ ಬಂದದ್ದು ಆಗ. ಗುಬ್ಬಿ, ಕುಣಿಗಲ್ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡಿಗರ ಬಾಯಲ್ಲಿ ಊರು ಎಂದಿಗೂ ತುಮಕೂರೇ ಆಗಿದ್ದರಿಂದ ನಾಲಗೆಗೆ ಹೊಸ ಅಭ್ಯಾಸವೇನೂ ಬೇಕಾಗಲಿಲ್ಲ. ಗಣಕಯಂತ್ರದೊಳಗಿನ ಕಡತಗಳ ಹೆಸರು ಮಾತ್ರ ತಾನಾಗಿ ಬದಲಾಗುವುದಿಲ್ಲ.

ಈ ಮೂರು ಊರುಗಳ ಹಳೆಯ ಭಾವಚಿತ್ರಗಳನ್ನು ಊರ ಹೆಸರು ಮತ್ತು ಕ್ರಮಸಂಖ್ಯೆಯೊಡನೆ ಗಣಕದಲ್ಲಿ ಸಂಗ್ರಹಿಸಿರುವ ಶಾಲೆಯೊಂದನ್ನು ಊಹಿಸಬಹುದು. ಲಿನಕ್ಸ್ ವ್ಯವಸ್ಥೆಯಲ್ಲಿ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಹೆಸರುಗಳನ್ನೆಲ್ಲ ತಿದ್ದಬಲ್ಲದು. ‘ಅಡ್ಡಗೆರೆ ಎನ್’ ಎಂಬ ಆಯ್ಕೆಯನ್ನಿತ್ತರೆ ಅದು ಏನನ್ನೂ ಬದಲಿಸದೆ, ಬದಲಾಗಲಿರುವ ಹೆಸರುಗಳನ್ನು ತೋರಿಸುತ್ತದೆ.

ದೋಷವು ಇಲ್ಲಿಯೇ ಅಡಗಿದೆ. ಆಯ್ಕೆಗಳನ್ನು ಓದುವ ‘ಗೆಟ್‌ಆಪ್ಟ್ಸ್’ ಆಜ್ಞೆಯು ಆಯ್ಕೆಯಲ್ಲದ ಮೊದಲ ಪದವನ್ನು ಕಂಡೊಡನೆ ನಿಂತುಬಿಡುತ್ತದೆ. ಕಡತಗಳ ಹೆಸರನ್ನು ಮೊದಲು ಬರೆದು ‘ಅಡ್ಡಗೆರೆ ಎನ್’ ಅನ್ನು ಕೊನೆಗಿಟ್ಟರೆ ಅದು ಆಯ್ಕೆಯೆನಿಸದು, ಇನ್ನೊಂದು ಕಡತವೆನಿಸುತ್ತದೆ. ಅದರಲ್ಲಿ ಹಳೆಯ ಕಾಗುಣಿತವಿಲ್ಲವಾದ್ದರಿಂದ ಸ್ಕ್ರಿಪ್ಟ್ ಅದನ್ನು ಸದ್ದಿಲ್ಲದೆ ದಾಟಿ, ಉಳಿದ ಹೆಸರುಗಳನ್ನು ನಿಜವಾಗಿಯೇ ಬದಲಿಸುತ್ತದೆ. ಲಿನಕ್ಸ್‌ನ ಅನೇಕ ಆಜ್ಞೆಗಳು ಕೊನೆಯಲ್ಲಿಟ್ಟ ಆಯ್ಕೆಯನ್ನೂ ಒಪ್ಪುವುದರಿಂದ ಬಳಕೆದಾರನ ಅಭ್ಯಾಸವನ್ನು ದೂರುವಂತೆಯೂ ಇಲ್ಲ.

ಹಾನಿ ಸಣ್ಣದಲ್ಲ. ‘ಟುಮ್ಕೂರ್ 5’, ‘ತುಮಕೂರು 5’ ಎಂಬ ಎರಡು ಬೇರೆ ಚಿತ್ರಗಳು ಒಂದೇ ಕಡೆಯಲ್ಲಿದ್ದರೆ, ಹೆಸರು ಬದಲಿಸುವ ‘ಎಂವಿ’ ಆಜ್ಞೆಯು ಸಾಮಾನ್ಯವಾಗಿ ಕೇಳದೆಯೇ ಎರಡನೆಯದರ ಮೇಲೆ ಮೊದಲನೆಯದನ್ನು ಇರಿಸುತ್ತದೆ. ಬೇರೆ ಪ್ರತಿಯಿಲ್ಲದಿದ್ದರೆ ಆ ಚಿತ್ರ ಹೋದಂತೆಯೇ.

ಕಾರಣ ತಿಳಿಯಬೇಕಾದರೆ ಕಡತಗಳ ನಕಲೊಂದನ್ನು ತೆಗೆದು, ಅದರ ಮೇಲೆ ಶೆಲ್‌ಗೆ ‘ಅಡ್ಡಗೆರೆ ಎಕ್ಸ್’ ಇತ್ತು ಸ್ಕ್ರಿಪ್ಟನ್ನು ನಡೆಸಬೇಕು. ಪ್ರತಿಯೊಂದು ಹೆಜ್ಜೆಯೂ ತೆರೆಯ ಮೇಲೆ ಮೂಡುತ್ತದೆ. ಗುಬ್ಬಿ, ಕುಣಿಗಲ್ಲಿನ ಕಡತಗಳು ಹೇಗಿದ್ದವೋ ಹಾಗೆಯೇ ಉಳಿದಿವೆಯೇ ಎಂಬುದನ್ನೂ ಆಗಲೇ ನೋಡಬಹುದು. ಓದಿ ಮುಗಿದ ಆಯ್ಕೆಗಳನ್ನು ‘ಶಿಫ್ಟ್’ ಆಜ್ಞೆಯಿಂದ ಸರಿಸದಿದ್ದರೂ ಅವು ಕಡತಗಳ ಸಾಲಿಗೆ ಸೇರುತ್ತವೆ.

ಪರಿಹಾರವಾಗಿ, ಕೆಲಸ ತೊಡಗುವ ಮುನ್ನ ಉಳಿದ ಪ್ರತಿಯೊಂದು ಪದವೂ ಇರುವ ಕಡತವೇ ಎಂದು ಸ್ಕ್ರಿಪ್ಟ್ ಪರೀಕ್ಷಿಸಬೇಕು. ಒಂದಿಲ್ಲದಿದ್ದರೂ ಏನನ್ನೂ ಮುಟ್ಟದೆ ನಿಲ್ಲಬೇಕು. ‘ಎಂವಿ’ಗೂ ‘ಅಡ್ಡಗೆರೆ ಎನ್’ ಕೊಡಬೇಕು. ಅಲ್ಲಿ ಅದೇ ಅಕ್ಷರಕ್ಕೆ ‘ಇರುವ ಕಡತವನ್ನು ಅಳಿಸಬೇಡ’ ಎಂಬ ಬೇರೆಯೇ ಅರ್ಥ! ಇದಕ್ಕಿಂತಲೂ ಮೇಲಾದ ಕ್ರಮವೊಂದುಂಟು: ಕೇವಲ ತೋರಿಸುವುದನ್ನೇ ಸ್ಕ್ರಿಪ್ಟಿನ ಸಹಜ ವರ್ತನೆಯನ್ನಾಗಿಸಿ, ನಿಜವಾದ ಬದಲಾವಣೆಗೆ ಪ್ರತ್ಯೇಕ ಆಯ್ಕೆಯನ್ನು ಕೇಳುವುದು. ಆಗ ಆ ಆಯ್ಕೆ ತಪ್ಪಾದ ಕಡೆ ಬಿದ್ದರೂ ಭಾವಚಿತ್ರಗಳಿಗೆ ಧಕ್ಕೆಯಿಲ್ಲ.